ಬಾಯಿಮಾತಿನ ಕಟ್ಟಳೆ ಮತ್ತು ಫ್ರಿಟ್ಜ್ ಪೊಲಾರ್ಡ್



ಇಂದಿನ ಮಾತು ಫ್ರಿಟ್ಜ್ ಪೊಲಾರ್ಡ್ ಎಂಬ ಆಟಗಾರರ ಬಗ್ಗೆ. ಸುಮಾರು ನೂರು ವರ್ಷಗಳ ಹಿಂದೆ ಅಮೆರಿಕದಲ್ಲಿ ಅಲ್ಲಿಯದೇ ಬಗೆಯ ಫುಟ್‌ಬಾಲ್ ಒಂದು ವೃತ್ತಿಯಾಗಿ ರೂಪುಗೊಳ್ಳುತ್ತಿತ್ತು. ಆ ಕಾಲದಲ್ಲಿ ಆಡಿದವರು ಇವರು. ಕಪ್ಪು ಜನಾಂಗದವರು. ಇಂದು ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂದು ಹೆಸರಾಗಿರುವ ಸಂಸ್ಥೆಯಲ್ಲಿ ಒಂದು ತಂಡಕ್ಕೆ ಮುಖ್ಯ ತರಬೇತುದಾರರಾದ ಮೊದಲ ಕಪ್ಪು ಮನುಷ್ಯ ಇವರೇ. ಅದು 1921ರಲ್ಲಿ. ಇವರ ನಂತರ ಎರಡನೆಯವರು ಬಂದದ್ದು 1989ರಲ್ಲಿ. ನಡುವೆ 68 ವರ್ಷ ಕಳೆಯಿತು.

ಈ 68 ವರ್ಷ ಯಾಕೆ ಬೇಕಾಯಿತು? ಕಪ್ಪು ಜನ ತರಬೇತುದಾರರಾಗಬಾರದು ಎಂದು ಲೀಗಿನ ನಿಯಮಾವಳಿಯಲ್ಲಿ ಬರೆದಿತ್ತೇ? ಇಲ್ಲ. ಒಂದು ಸಾಲೂ ಇರಲಿಲ್ಲ. ಅದೊಂದು ಬಾಯಿಮಾತಿನ ಕಟ್ಟಳೆ. ಮಾಲೀಕರು ತಮ್ಮತಮ್ಮಲ್ಲೇ ಅರ್ಥ ಮಾಡಿಕೊಂಡಿದ್ದ ಕಟ್ಟಳೆ. ಬರೆದ ನಿಯಮವನ್ನು ನ್ಯಾಯಾಲಯಕ್ಕೆ ಒಯ್ಯಬಹುದು. ಬರೆಯದೇ ನಡೆಸಿಕೊಂಡು ಬಂದದ್ದನ್ನು ಎಲ್ಲಿಗೆ ಒಯ್ಯುವುದು? ಯಾರನ್ನು ಕೇಳುವುದು? ಪೊಲಾರ್ಡ್ ಅವರ ಬದುಕು ಹುಟ್ಟಿನಿಂದ ಕೊನೆಯವರೆಗೂ ಇಂಥ ಕಟ್ಟಳೆಗಳೊಂದಿಗೆ ಸೆಣಸಾಡಿತು. ಆದ್ದರಿಂದ ಈ ಹೊತ್ತು ಅವರ ಆಟದ ಜೊತೆಗೆ ಆ ಕಟ್ಟಳೆಯ ಕಥೆಯನ್ನೂ ಹೇಳುತ್ತೇನೆ.

ಮೊದಲು ಆಟವನ್ನು ಸ್ವಲ್ಪ ತಿಳಿದುಕೊಳ್ಳೋಣ. ಅಮೆರಿಕನ್ ಫುಟ್‌ಬಾಲ್ ಎಂದರೆ ನಾವು ಕಾಲಿನಲ್ಲಿ ಒದೆಯುತ್ತ ಆಡುವ ಫುಟ್‌ಬಾಲ್ ಅಲ್ಲ. ಚೆಂಡು ಉದ್ದನೆಯದು, ಎರಡೂ ತುದಿ ಚೂಪು. ಅದನ್ನು ಕಂಕುಳಲ್ಲಿ ಅವುಚಿಕೊಂಡು ಓಡಬೇಕು. ಮೈದಾನ 100 ಗಜ ಉದ್ದ. ಒಂದು ಕಡೆಗೆ 11 ಮಂದಿ. ನಾಲ್ಕು ಪ್ರಯತ್ನಗಳಲ್ಲಿ 10 ಗಜವಾದರೂ ಮುಂದೆ ಸಾಗಬೇಕು. ಸಾಗಲಾಗದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಆರು ಅಂಕ. ನಮ್ಮ ಕಬಡ್ಡಿಯನ್ನು ನೆನಪಿಸಿಕೊಳ್ಳಿ. ಉಸಿರು ಹಿಡಿದು ಒಳಗೆ ಹೋದವನನ್ನು ಎಲ್ಲರೂ ಸೇರಿ ಕೆಡವುತ್ತಾರಲ್ಲ, ಇಲ್ಲಿ ಚೆಂಡು ಹಿಡಿದವನ ಗತಿ ಅದೇ. ಆದರೆ ಇಲ್ಲಿ ಓಡುವವನಿಗೆ ತನ್ನ ಕಡೆಯವರು ದಾರಿ ಮಾಡಿಕೊಡಬಹುದು. ಎದುರಾಳಿಗಳು ಪೂರ್ಣ ವೇಗದಲ್ಲಿ ಬಂದು ಡಿಕ್ಕಿ ಹೊಡೆಯಬಹುದು.

ಆಗ ಇದು ಬಹಳ ಕ್ರೂರವಾದ ಆಟ. 1905ರ ಒಂದೇ ಋತುವಿನಲ್ಲಿ ಸುಮಾರು 18 ಯುವಕರು ಆಡುತ್ತ ಪ್ರಾಣ ಕಳೆದುಕೊಂಡರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜುಗಳವರನ್ನು ಕರೆಸಿ ಆಟವನ್ನು ಸುಧಾರಿಸಿ ಎಂದು ಹೇಳಬೇಕಾಯಿತು. ಮರುವರ್ಷ ನಿಯಮಗಳು ಬದಲಾದವು. ಆದರೂ ತಲೆಗೆ ತೆಳುವಾದ ಚರ್ಮದ ಟೋಪಿ ಬಿಟ್ಟರೆ ಹೇಳಿಕೊಳ್ಳುವಂಥ ರಕ್ಷಣೆ ಇರಲಿಲ್ಲ. ಮುಖಕ್ಕೆ ಏನೂ ಇಲ್ಲ. ಒಬ್ಬ ಬಿದ್ದನೆಂದರೆ ಅವನ ಮೇಲೆ ನಾಲ್ಕೈದು ಜನ ರಾಶಿ ಬೀಳುತ್ತಿದ್ದರು. ಆ ರಾಶಿಯ ಅಡಿಯಲ್ಲಿ ಗುದ್ದು, ಒದೆತ, ಬೆರಳು ತಿರುಚುವುದು ಎಲ್ಲ ನಡೆಯುತ್ತಿತ್ತು. ಬಿದ್ದವನು ಕಪ್ಪು ಮನುಷ್ಯನಾದರೆ ಹೇಳುವುದೇ ಬೇಡ.

ಇದು ಆಟ. ಇನ್ನು ಆಟಗಾರ.

ಪೊಲಾರ್ಡ್ ಹುಟ್ಟಿದ್ದು 1894ರ ಜನವರಿ 27ರಂದು, ಶಿಕಾಗೊ ನಗರದಲ್ಲಿ. ತಂದೆ ತಾಯಿ ಇಟ್ಟ ಹೆಸರು ಫ್ರೆಡ್ರಿಕ್ ಡಗ್ಲಸ್ ಪೊಲಾರ್ಡ್. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು, ಅದರ ವಿರುದ್ಧ ಬರೆದು, ಭಾಷಣ ಮಾಡಿ, ಅಮೆರಿಕದ ಮನಸ್ಸನ್ನೇ ಅಲುಗಿಸಿದ ಫ್ರೆಡ್ರಿಕ್ ಡಗ್ಲಸ್ ಎಂಬ ಮಹನೀಯರ ಹೆಸರು ಅದು. ಮಗು ಹುಟ್ಟಿದಾಗ ಡಗ್ಲಸ್ ಇನ್ನೂ ಬದುಕಿದ್ದರು. ಮರುವರ್ಷ ತೀರಿಕೊಂಡರು. ಹೆಸರಿನಲ್ಲೇ ತಂದೆ ತಾಯಿಯ ಆಸೆ ಕಾಣುತ್ತದೆ.

ತಂದೆ ಜಾನ್ ಪೊಲಾರ್ಡ್ ಕ್ಷೌರದ ಅಂಗಡಿ ನಡೆಸುತ್ತಿದ್ದರು. ತಾಯಿ ಅಮಾಂಡಾ ಹೊಲಿಗೆ ಕೆಲಸ ಮಾಡುತ್ತಿದ್ದರು. ಎಂಟು ಮಕ್ಕಳು. ಫ್ರಿಟ್ಜ್ ಏಳನೆಯವರು. ಶಿಕಾಗೊದ ಉತ್ತರಕ್ಕಿರುವ ರಾಜರ್ಸ್ ಪಾರ್ಕ್ ಎಂಬ ಬಡಾವಣೆಯಲ್ಲಿ ಮನೆ. ಸುತ್ತಲೂ ಬಿಳಿಯರೇ, ಅವರಲ್ಲಿ ಜರ್ಮನ್ ಮೂಲದವರು ಬಹಳ. ಫ್ರೆಡ್ರಿಕ್ ಎಂಬ ಹುಡುಗನನ್ನು ಜರ್ಮನರು ಮುದ್ದಿನಿಂದ ಫ್ರಿಟ್ಜ್ ಎನ್ನುತ್ತಾರೆ. ನೆರೆಯವರು ಹಾಗೆ ಕರೆದರು. ಆ ಹೆಸರೇ ಕೊನೆಯವರೆಗೂ ಉಳಿಯಿತು.

ಈ ಮನೆಯ ಮಕ್ಕಳೆಲ್ಲ ಓದಿನಲ್ಲಿ, ಆಟದಲ್ಲಿ ಮುಂದೆ. ಅಕ್ಕ ನಯೋಮಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಮೊದಲ ಕಪ್ಪು ಮಹಿಳೆ. ಅಣ್ಣಂದಿರು ಫುಟ್‌ಬಾಲ್ ಆಡುತ್ತಿದ್ದರು. ತಮ್ಮನಿಗೆ ಆಟ ಕಲಿಸಿದವರು ಅವರೇ. ಆಟದ ಜೊತೆಗೆ ಇನ್ನೊಂದು ವಿದ್ಯೆಯನ್ನೂ ಕಲಿಸಿದರು. ಕೆಳಗೆ ಬಿದ್ದ ಕೂಡಲೇ ಅಂಗಾತ ಹೊರಳು. ಎರಡೂ ಕಾಲನ್ನು ಮೇಲಕ್ಕೆತ್ತು. ಸೈಕಲ್ ತುಳಿಯುವಂತೆ ಆಡಿಸು. ಬೂಟಿನ ಅಡಿಯ ಮೊಳೆಗಳು ಎದುರಿಗೆ ಕಂಡರೆ ಯಾರೂ ಮೈಮೇಲೆ ಬೀಳುವುದಿಲ್ಲ. ಆ ಹುಡುಗ ಅದನ್ನು ಚೆನ್ನಾಗಿ ಕಲಿತ. ಮುಂದೆ ದೊಡ್ಡ ದೊಡ್ಡ ಪಂದ್ಯಗಳಲ್ಲಿ ಅವರ ಮೈ ಕಾಯ್ದದ್ದು ಇದೇ ವಿದ್ಯೆ.

ಮತ್ತೊಂದು ಪಾಠವನ್ನೂ ಮನೆಯಲ್ಲಿ ಕಲಿಸಿದ್ದರು. ಬೈಗುಳಕ್ಕೆ ಗುದ್ದಿನಿಂದ ಉತ್ತರ ಕೊಡಬೇಡ. ನೀನು ತಿರುಗಿ ಹೊಡೆದ ಕ್ಷಣವೇ ನಿನ್ನನ್ನು ಮೈದಾನದಿಂದ ಹೊರಗೆ ಹಾಕಲು ಕಾರಣ ಸಿಕ್ಕಿಬಿಡುತ್ತದೆ. ಮುಂದಿನ ಓಟದಲ್ಲಿ ಉತ್ತರ ಕೊಡು. ಇದು ಹೇಡಿತನದ ಪಾಠವಲ್ಲ ಕೇಳುಗರೇ. ಅಷ್ಟು ಅವಮಾನ ನುಂಗಿಕೊಂಡು, ಮುಂದಿನ ಚೆಂಡಿಗೆ ಮತ್ತೆ ಅಷ್ಟೇ ವೇಗದಲ್ಲಿ ಓಡಬೇಕಾದರೆ ಎಂಥ ಎದೆಗಾರಿಕೆ ಬೇಕು ಎಂಬುದನ್ನು ಊಹಿಸಿ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಆಗ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಣ್ಣಭೇದವನ್ನು ಕಾನೂನಾಗಿಯೇ ಬರೆದಿಟ್ಟಿದ್ದರು. ಶಾಲೆ ಬೇರೆ, ರೈಲು ಡಬ್ಬಿ ಬೇರೆ. 1896ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಅದಕ್ಕೆ ಮುದ್ರೆಯನ್ನೂ ಒತ್ತಿತ್ತು. ಉತ್ತರದ ರಾಜ್ಯಗಳಲ್ಲಿ ಅಂಥ ಕಾನೂನುಗಳು ಅಷ್ಟಾಗಿ ಇರಲಿಲ್ಲ. ಶಿಕಾಗೊ ಇರುವುದು ಉತ್ತರದಲ್ಲಿ. ಆದರೆ ಯಾವ ಹೋಟೆಲಿಗೆ ಹೋಗಬಹುದು, ಯಾವ ಕಡಲತೀರದಲ್ಲಿ ಈಜಬಹುದು, ಯಾವ ಕೆಲಸ ಕೇಳಬಹುದು ಎಂಬುದೆಲ್ಲ ಎಲ್ಲರಿಗೂ ಗೊತ್ತಿತ್ತು. ಗೆರೆ ಕಾಣುತ್ತಿರಲಿಲ್ಲ, ಆದರೆ ದಾಟಿದರೆ ಪೆಟ್ಟು ಬೀಳುತ್ತಿತ್ತು. ಪೊಲಾರ್ಡ್ ಬೆಳೆದದ್ದು ಈ ವಾತಾವರಣದಲ್ಲಿ.

ಶಿಕಾಗೊದ ಬಾಲ್ಯ ಮುಗಿಯಿತು. ಇನ್ನು ಕಾಲೇಜಿನ ದಿನಗಳು.

ಹೈಸ್ಕೂಲಿನಲ್ಲೇ ಅವರು ಫುಟ್‌ಬಾಲ್, ಬೇಸ್‌ಬಾಲ್, ಹರ್ಡಲ್ಸ್ ಮೂರರಲ್ಲೂ ಹೆಸರು ಮಾಡಿದ್ದರು. ಆಮೇಲೆ ಹಲವು ಕಾಲೇಜುಗಳ ಬಾಗಿಲು ತಟ್ಟಿ, ಕೊನೆಗೆ 1915ರಲ್ಲಿ ಪೂರ್ವ ಕರಾವಳಿಯ ಪ್ರಾವಿಡೆನ್ಸ್ ನಗರದ ಬ್ರೌನ್ ವಿಶ್ವವಿದ್ಯಾಲಯ ಸೇರಿದರು. ಓದಿಗೆ ಹಣ ಬೇಕಲ್ಲ? ಹಾಸ್ಟೆಲ್ ಕೋಣೆಯಲ್ಲೇ ಇಸ್ತ್ರಿ ಕೆಲಸ ಶುರು ಮಾಡಿದರು. ಸಹಪಾಠಿಗಳ ಸೂಟುಗಳಿಗೆ ಇಸ್ತ್ರಿ ಹಾಕಿಕೊಟ್ಟು ಸಂಪಾದಿಸಿದರು.

ಆಳು ದೊಡ್ಡವರಲ್ಲ. ಎತ್ತರ 5 ಅಡಿ 9 ಅಂಗುಲ, ತೂಕ ಸುಮಾರು 75 ಕಿಲೋ. ಎದುರಿಗೆ ಬರುವವರು ಅವರಿಗಿಂತ ಹತ್ತಿಪ್ಪತ್ತು ಕಿಲೋ ಹೆಚ್ಚು ತೂಗುವವರು. ಫುಟ್‌ಬಾಲ್ ತಂಡದಲ್ಲಿ ಮೊದಮೊದಲು ಅವರನ್ನು ಆದರದಿಂದ ಕಂಡವರು ಕಡಿಮೆ. ಆದರೆ ಚೆಂಡು ಕೈಗೆ ಬಂದ ಮೇಲೆ ಅವರು ಓಡುವುದನ್ನು ಕಂಡವರು ಸುಮ್ಮನಾದರು. ನೇರ ಓಟವಲ್ಲ. ಎಡಕ್ಕೆ ಹೋಗುವಂತೆ ಮೈ ಬಾಗಿಸಿ ಬಲಕ್ಕೆ ಜಾರುವುದು. ಓಡುತ್ತಿದ್ದವರು ಥಟ್ಟನೆ ನಿಲ್ಲುವುದು. ಹಿಡಿಯಲು ಬಂದವನು ಮುಂದೆ ಹೋಗಿ ಬೀಳುತ್ತಿದ್ದ. ಅಷ್ಟರಲ್ಲಿ ಅವರು ಇನ್ನೊಂದು ದಿಕ್ಕಿನಲ್ಲಿ ಮಾಯ.

ಆ ವರ್ಷ ಬ್ರೌನ್ ತಂಡಕ್ಕೆ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಿಂದ ಕರೆ ಬಂತು. ಹೊಸ ವರ್ಷದ ದಿನ ನಡೆಯುವ ಪಂದ್ಯ. ಇಂದು ರೋಸ್ ಬೌಲ್ ಎಂದು ಪ್ರಸಿದ್ಧವಾಗಿರುವುದು ಅದೇ. ತಂಡ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ರೈಲಿನಲ್ಲಿ ಹೋಯಿತು. ಪ್ಯಾಸಡೀನಾದ ಹೋಟೆಲಿನಲ್ಲಿ ಎಲ್ಲರಿಗೂ ಕೋಣೆ ಸಿಕ್ಕಿತು. ಪೊಲಾರ್ಡ್ ಅವರ ಸರದಿ ಬಂದಾಗ ಕೋಣೆ ಖಾಲಿ ಇಲ್ಲ ಎಂಬ ಉತ್ತರ. ಗಮನಿಸಿ. ಕಪ್ಪು ಜನರಿಗೆ ಪ್ರವೇಶವಿಲ್ಲ ಎಂದು ಹೋಟೆಲಿನವರು ಹೇಳಲಿಲ್ಲ. ಬಾಯಿಮಾತಿನ ಕಟ್ಟಳೆ ಕೆಲಸ ಮಾಡುವುದೇ ಹೀಗೆ. ಆಗ ತಂಡದ ಜೊತೆಗಿದ್ದ ತರಬೇತುದಾರರು, ಇವನಿಗೆ ಕೋಣೆ ಇಲ್ಲದಿದ್ದರೆ ನಮಗೆ ಯಾರಿಗೂ ಬೇಡ, ಎಲ್ಲರೂ ಹೊರಡುತ್ತೇವೆ ಎಂದರು. ಕೋಣೆ ಸಿಕ್ಕಿತು.

1916ರ ಜನವರಿ 1. ಮಳೆ ಬಿದ್ದು ಮೈದಾನ ಕೆಸರು. ಇಂಥ ನೆಲದಲ್ಲಿ ಪೊಲಾರ್ಡ್ ಅವರ ತಿರುವಿನ ಓಟ ನಡೆಯಲಿಲ್ಲ. ಬ್ರೌನ್ 14 ಅಂಕಗಳಿಂದ ಸೋತಿತು, ಒಂದು ಅಂಕವನ್ನೂ ಗಳಿಸಲಾಗಲಿಲ್ಲ. ಆದರೂ ಆ ಪಂದ್ಯದಲ್ಲಿ ಆಡಿದ ಮೊದಲ ಕಪ್ಪು ಆಟಗಾರ ಎಂಬುದು ಚರಿತ್ರೆಯಲ್ಲಿ ಸೇರಿತು.

ಸೋಲಿಗೆ ಉತ್ತರ ಮುಂದಿನ ಋತುವಿನಲ್ಲಿ ಸಿಕ್ಕಿತು. ಆ ಕಾಲದಲ್ಲಿ ಕಾಲೇಜು ಫುಟ್‌ಬಾಲ್ ಎಂದರೆ ಯೇಲ್ ಮತ್ತು ಹಾರ್ವರ್ಡ್. 1916ರ ನವೆಂಬರಿನಲ್ಲಿ ಬ್ರೌನ್ ತಂಡ ಯೇಲನ್ನು 21-6ರಿಂದ ಸೋಲಿಸಿತು. ಮುಂದಿನ ಶನಿವಾರವೇ ಹಾರ್ವರ್ಡನ್ನು 21-0ಯಿಂದ ಸೋಲಿಸಿತು. ಎರಡೂ ಪಂದ್ಯಗಳಲ್ಲಿ ಎದುರಾಳಿಯ ಬೆನ್ನು ಮುರಿದದ್ದು ಪೊಲಾರ್ಡ್ ಅವರ ಓಟಗಳೇ. ಆ ಎರಡು ದೈತ್ಯರನ್ನು ಬ್ರೌನ್ ಒಂದೇ ಋತುವಿನಲ್ಲಿ ಸೋಲಿಸಿದ್ದು ಅದೇ ಮೊದಲು. ಪ್ರೇಕ್ಷಕರ ನಡುವಿನಿಂದ ಬಂದ ಬೈಗುಳಗಳನ್ನು ನಾನು ಇಲ್ಲಿ ಹೇಳುವುದಿಲ್ಲ. ಅವು ಬಾನುಲಿಯಲ್ಲಿ ಹೇಳುವ ಮಾತುಗಳಲ್ಲ.

ಆಗ ವಾಲ್ಟರ್ ಕ್ಯಾಂಪ್ ಎಂಬ ಹಿರಿಯರಿದ್ದರು. ಅಮೆರಿಕನ್ ಫುಟ್‌ಬಾಲಿನ ಪಿತಾಮಹ ಎನಿಸಿಕೊಂಡವರು. ಪ್ರತಿ ವರ್ಷ ದೇಶದ ಅತ್ಯುತ್ತಮ 11 ಕಾಲೇಜು ಆಟಗಾರರ ಪಟ್ಟಿ ಹೊರಡಿಸುತ್ತಿದ್ದರು. 1916ರ ಪಟ್ಟಿಯಲ್ಲಿ ಪೊಲಾರ್ಡ್ ಹೆಸರು ಬಂತು. ಅದಕ್ಕೂ ಮೊದಲು, 1890ರ ದಶಕದಲ್ಲಿ, ಹಾರ್ವರ್ಡಿನ ವಿಲಿಯಂ ಹೆನ್ರಿ ಲೂಯಿಸ್ ಎಂಬ ಕಪ್ಪು ಆಟಗಾರರು ಆ ಪಟ್ಟಿಯಲ್ಲಿದ್ದರು. ಆಮೇಲೆ ಆ ಗೌರವ ಪಡೆದ ಕಪ್ಪು ಆಟಗಾರರು ಪೊಲಾರ್ಡ್.

ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ನೆನಪಿಸಿಕೊಳ್ಳೋಣ. ಶಿಕಾಗೊದ ಕ್ಷೌರಿಕರ ಮಗ. ಇಸ್ತ್ರಿ ಹಾಕಿ ಓದಿದವರು. 22ನೆಯ ವಯಸ್ಸಿಗೆ ದೇಶದ 11 ಅತ್ಯುತ್ತಮ ಆಟಗಾರರಲ್ಲಿ ಒಬ್ಬರು. ಇನ್ನು ಮುಂದೆ ವೃತ್ತಿಪರ ಆಟ.

ಮೊದಲ ಮಹಾಯುದ್ಧ ಬಂತು. ಓದು ಅರ್ಧಕ್ಕೆ ನಿಂತಿತು. ಸೇನೆಯ ಶಿಬಿರವೊಂದರಲ್ಲಿ ಸೈನಿಕರಿಗೆ ವ್ಯಾಯಾಮ ಕಲಿಸಿದರು. ಆಮೇಲೆ ಪೆನ್ಸಿಲ್ವೇನಿಯಾದಲ್ಲಿ ಕಪ್ಪು ವಿದ್ಯಾರ್ಥಿಗಳಿಗಾಗಿ ಇದ್ದ ಲಿಂಕನ್ ವಿಶ್ವವಿದ್ಯಾಲಯದ ತಂಡಕ್ಕೆ ತರಬೇತಿ ಕೊಟ್ಟರು. 1919ರಲ್ಲಿ ಓಹಾಯೊ ರಾಜ್ಯದ ಆಕ್ರನ್ ನಗರದಿಂದ ಕರೆ ಬಂತು.

1919 ಎಂಥ ವರ್ಷ ಎಂದು ತಿಳಿಯಬೇಕು. ಆ ಬೇಸಿಗೆಯಲ್ಲಿ ಅವರದೇ ಊರಾದ ಶಿಕಾಗೊದಲ್ಲಿ ಜನಾಂಗೀಯ ಗಲಭೆ ನಡೆಯಿತು. ಸರೋವರದ ದಡದಲ್ಲಿ ಬಿಳಿಯರದೆಂದು ಅಲಿಖಿತವಾಗಿ ಗುರುತಾಗಿದ್ದ ನೀರಿನತ್ತ ಕಪ್ಪು ಹುಡುಗನೊಬ್ಬ ತೇಲಿಹೋದ. ಅವನ ಮೇಲೆ ಕಲ್ಲು ಬಿತ್ತು, ಅವನು ಮುಳುಗಿ ಸತ್ತ. ಗಲಭೆ ಒಂದು ವಾರ ನಡೆಯಿತು. 38 ಜನ ಸತ್ತರು. ಕೆಲವೇ ತಿಂಗಳ ನಂತರ ಪೊಲಾರ್ಡ್ ಬಿಳಿಯರ ತಂಡವೊಂದರಲ್ಲಿ, ಬಿಳಿಯ ಪ್ರೇಕ್ಷಕರ ಎದುರು ಚೆಂಡು ಹಿಡಿದು ನಿಂತರು.

ಆಕ್ರನ್ ಆಗ ರಬ್ಬರಿನ ಊರು. ಗುಡ್‌ಇಯರ್, ಫೈರ್‌ಸ್ಟೋನ್ ಟೈರ್ ಕಾರ್ಖಾನೆಗಳು ಅಲ್ಲಿಯವೇ. ಕೆಲಸಗಾರರಲ್ಲಿ ದಕ್ಷಿಣದ ಕಡೆಯಿಂದ ವಲಸೆ ಬಂದ ಬಿಳಿಯರು ಬಹಳ ಮಂದಿ. ಅವರು ತಮ್ಮ ಗಂಟುಮೂಟೆಯೊಂದಿಗೆ ಬಣ್ಣಭೇದವನ್ನೂ ತಂದಿದ್ದರು. ಮೊದಮೊದಲು ಪೊಲಾರ್ಡ್ ತಂಡದವರ ಜೊತೆಗೆ ಬಟ್ಟೆ ಬದಲಿಸುವಂತಿರಲಿಲ್ಲ. ತಂಡದ ಮಾಲೀಕರಲ್ಲಿ ಒಬ್ಬರಾದ ಫ್ರಾಂಕ್ ನೀಡ್ ಅವರಿಗೆ ಸಿಗಾರ್ ವ್ಯಾಪಾರವಿತ್ತು. ಅಲ್ಲಿ ಬಟ್ಟೆ ಹಾಕಿಕೊಂಡು ಕಾಯಬೇಕು. ಪಂದ್ಯ ಶುರುವಾಗುವ ಹೊತ್ತಿಗೆ ಕಾರು ಬಂದು ಕರೆದುಕೊಂಡು ಹೋಗುತ್ತಿತ್ತು. ಇದನ್ನು ಪೊಲಾರ್ಡ್ ಅವರೇ ಮುಪ್ಪಿನಲ್ಲಿ ನೆನಪಿಸಿಕೊಂಡಿದ್ದಾರೆ. ಒಂದು ಗಂಟೆಯ ನಂತರ ಅದೇ ಜನ ಅವರ ಟಚ್‌ಡೌನಿಗೆ ಕೂಗಿ ಕುಣಿಯುತ್ತಿದ್ದರು. ಅಲ್ಲಿಯವರೆಗೆ ಅವರು ಸಿಗಾರುಗಳ ನಡುವೆ ಒಬ್ಬರೇ ಕುಳಿತಿರಬೇಕಿತ್ತು.

1920ರ ಸೆಪ್ಟೆಂಬರ್ 17ರಂದು ಓಹಾಯೊದ ಕ್ಯಾಂಟನ್ ನಗರದಲ್ಲಿ ತಂಡಗಳ ಮಾಲೀಕರು ಸಭೆ ಸೇರಿದರು. ಸಭೆ ನಡೆದದ್ದು ಕಾರು ಮಾರುವ ಅಂಗಡಿಯಲ್ಲಿ. ಕುರ್ಚಿಗಳು ಸಾಲದೆ ಕೆಲವರು ಕಾರುಗಳ ಮೆಟ್ಟಿಲಮೇಲೆ ಕುಳಿತರಂತೆ. ಅಲ್ಲಿ ಒಂದು ಲೀಗ್ ಹುಟ್ಟಿತು. ಜಿಮ್ ಥೋರ್ಪ್ ಎಂಬ ಹೆಸರಾಂತ ಆಟಗಾರರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಥೋರ್ಪ್ ಅಮೆರಿಕದ ಮೂಲನಿವಾಸಿ ಜನಾಂಗದವರು, 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ ಗೆದ್ದವರು. ಎರಡು ವರ್ಷಗಳಲ್ಲಿ ಈ ಲೀಗ್ ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬ ಹೆಸರು ಪಡೆಯಿತು. ಇಂದು ಕೋಟ್ಯಂತರ ಡಾಲರಿನ ವ್ಯವಹಾರ ಅದು.

ಆ ಮೊದಲ ಋತುವಿನಲ್ಲಿ ಇಬ್ಬರೇ ಕಪ್ಪು ಆಟಗಾರರು. ಒಬ್ಬರು ರಾಕ್ ಐಲ್ಯಾಂಡ್ ತಂಡದ ಬಾಬಿ ಮಾರ್ಷಲ್, ಆಗಲೇ 40 ವರ್ಷದವರು. ಇನ್ನೊಬ್ಬರು ಪೊಲಾರ್ಡ್. ಆಕ್ರನ್ ತಂಡ 11 ಪಂದ್ಯ ಆಡಿತು. ಎಂಟನ್ನು ಗೆದ್ದಿತು, ಮೂರು ಸಮವಾದವು, ಒಂದನ್ನೂ ಸೋಲಲಿಲ್ಲ. ಇಡೀ ಋತುವಿನಲ್ಲಿ ಎದುರಾಳಿಗಳೆಲ್ಲ ಸೇರಿ ಅವರ ವಿರುದ್ಧ ಗಳಿಸಿದ್ದು 7 ಅಂಕ ಮಾತ್ರ. ಜಿಮ್ ಥೋರ್ಪ್ ಅವರ ಕ್ಯಾಂಟನ್ ತಂಡವನ್ನೂ ಎರಡು ಬಾರಿ ಸೋಲಿಸಿದರು. ಡಿಸೆಂಬರಿನಲ್ಲಿ ಶಿಕಾಗೊದಲ್ಲಿ ಕೊನೆಯ ದೊಡ್ಡ ಪಂದ್ಯ. ಸುಮಾರು 12,000 ಜನ ಸೇರಿದ್ದರು. ಯಾರೂ ಅಂಕ ಗಳಿಸಲಿಲ್ಲ. ಮರುವರ್ಷ ಸಭೆ ಸೇರಿ ಆಕ್ರನ್ ತಂಡವನ್ನು ಲೀಗಿನ ಮೊದಲ ಚಾಂಪಿಯನ್ ಎಂದು ಘೋಷಿಸಿದರು. ಬೆಳ್ಳಿಯ ಬಟ್ಟಲನ್ನು ಕೊಟ್ಟರು. ಆ ಬಟ್ಟಲು ಎಲ್ಲಿ ಹೋಯಿತೋ ಇವತ್ತಿಗೂ ಪತ್ತೆಯಿಲ್ಲ.

ಚಾಂಪಿಯನ್ ತಂಡದ ಮುಖ್ಯ ಓಟಗಾರ ಪೊಲಾರ್ಡ್. 1921ರಲ್ಲಿ ಅವರ ಹೊಣೆ ಹೆಚ್ಚಿತು. ಎಲ್ಗಿ ಟೋಬಿನ್ ಎಂಬ ಬಿಳಿಯರೊಂದಿಗೆ ಅವರೂ ತಂಡದ ತರಬೇತುದಾರರಾದರು. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಕಲಿತ ಆಟದ ತಂತ್ರಗಳನ್ನು ಆಕ್ರನ್ನಿನವರಿಗೆ ಕಲಿಸಿದರು. ಸ್ವಲ್ಪ ಯೋಚಿಸಿ. ತಂಡದಲ್ಲಿದ್ದವರಲ್ಲಿ ಹೆಚ್ಚಿನವರು ಬಿಳಿಯರು. ಅವರಿಗೆ ಹೀಗೆ ನಿಲ್ಲು, ಹೀಗೆ ಓಡು ಎಂದು ಹೇಳುತ್ತಿದ್ದವರು ಕಪ್ಪು ಮನುಷ್ಯ. ಅವರು ಕೇಳುತ್ತಿದ್ದರು, ಗೆಲ್ಲುತ್ತಿದ್ದರು. ಕಪ್ಪು ತರಬೇತುದಾರನ ಮಾತನ್ನು ಬಿಳಿಯ ಆಟಗಾರರು ಕೇಳುವುದಿಲ್ಲ ಎಂಬ ನೆಪವನ್ನು ಮುಂದೆ ದಶಕಗಳ ಕಾಲ ಹೇಳಲಾಯಿತು. ಆ ನೆಪ ಸುಳ್ಳೆಂದು 1921ರಲ್ಲೇ ಆಕ್ರನ್ ಮೈದಾನದಲ್ಲಿ ರುಜುವಾಗಿತ್ತು. ನನ್ನ ದೃಷ್ಟಿಯಲ್ಲಿ ಪೊಲಾರ್ಡ್ ಅವರ ಓಟಗಳಿಗಿಂತಲೂ ದೊಡ್ಡ ಸಾಧನೆ ಇದು.

ಅದೇ ವರ್ಷ ಪೊಲಾರ್ಡ್ ಒಬ್ಬ ಗೆಳೆಯನನ್ನು ತಂಡಕ್ಕೆ ಕರೆತಂದರು. ಆರಡಿ ಮೀರಿದ ಎತ್ತರ, ಅಗಲ ಎದೆ, ಗಂಭೀರ ಧ್ವನಿ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದರು. ಶುಲ್ಕ ಕಟ್ಟಲು ವಾರದ ಕೊನೆಗೆ ಫುಟ್‌ಬಾಲ್ ಆಡುತ್ತಿದ್ದರು. ಅವರೇ ಪಾಲ್ ರಾಬ್ಸನ್. ಮುಂದೆ ಜಗತ್ತೇ ಕೇಳಿದ ಗಾಯಕ. 1958ರಲ್ಲಿ ಅವರ 60ನೆಯ ಹುಟ್ಟುಹಬ್ಬವನ್ನು ನಮ್ಮ ದೇಶದಲ್ಲೂ ಆಚರಿಸಿದರು, ಪ್ರಧಾನಿ ನೆಹರೂ ಅದಕ್ಕೆ ಬೆಂಬಲ ಕೊಟ್ಟಿದ್ದರು. ಅಂಥ ರಾಬ್ಸನ್ 1921ರಲ್ಲಿ ಆಕ್ರನ್ ಪರವಾಗಿ, 1922ರಲ್ಲಿ ಮಿಲ್ವಾಕಿ ಪರವಾಗಿ ಪೊಲಾರ್ಡ್ ಜೊತೆ ಆಡಿದರು. ಮಿಲ್ವಾಕಿಯಲ್ಲಿ ಒಂದು ದಿನ ಜಿಮ್ ಥೋರ್ಪ್ ಅವರ ತಂಡದ ವಿರುದ್ಧ ರಾಬ್ಸನ್ ಎರಡು ಟಚ್‌ಡೌನ್ ಗಳಿಸಿದರು.

ಆಮೇಲಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. 1923ರಲ್ಲಿ ಹ್ಯಾಮಂಡ್ ತಂಡದಲ್ಲಿ ಪೊಲಾರ್ಡ್ ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ಆಡಿದರು. ಕ್ವಾರ್ಟರ್‌ಬ್ಯಾಕ್ ಎಂದರೆ ಮೈದಾನದೊಳಗೆ ತಂಡದ ಮಿದುಳು. ಲೀಗಿನಲ್ಲಿ ಆ ಜಾಗದಲ್ಲಿ ಆಡಿದ ಮೊದಲ ಕಪ್ಪು ಮನುಷ್ಯನೂ ಅವರೇ. ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಯ ಊರಾದ ಗಿಲ್ಬರ್ಟನ್ನಿನಲ್ಲೂ ಆಡಿದರು. ಪ್ರಾವಿಡೆನ್ಸ್‌ನಲ್ಲೂ ಆಡಿದರು. 1926ರಲ್ಲಿ ಆಕ್ರನ್ ತಂಡ ಅವರನ್ನು ಕೈಬಿಟ್ಟಿತು. ಲೀಗಿನಲ್ಲಿ ಅವರ ಆಟ ಅಲ್ಲಿಗೆ ಮುಗಿಯಿತು. ವಯಸ್ಸು 32.

ಇಲ್ಲಿಯವರೆಗೆ ಒಬ್ಬ ಆಟಗಾರರ ಏಳುಬೀಳು. ಇನ್ನು ಮುಂದೆ ಇಡೀ ಜನಾಂಗವನ್ನೇ ಹೊರಗಿಟ್ಟ ಕಥೆ.

1920ರಿಂದ 1933ರವರೆಗೆ ಲೀಗಿನಲ್ಲಿ ಆಡಿದ ಕಪ್ಪು ಆಟಗಾರರು ಒಟ್ಟು 13 ಮಂದಿ. ಕಡಿಮೆಯೇ, ಆದರೂ ಇದ್ದರು. 1933ರಲ್ಲಿ ಇಬ್ಬರು ಉಳಿದಿದ್ದರು. ಶಿಕಾಗೊ ಕಾರ್ಡಿನಲ್ಸ್ ತಂಡದ ಜೋ ಲಿಲಾರ್ಡ್ ಮತ್ತು ಪಿಟ್ಸ್‌ಬರ್ಗ್ ತಂಡದ ರೇ ಕೆಂಪ್. 1934ರಲ್ಲಿ ಒಬ್ಬರೂ ಇಲ್ಲ. 1935ರಲ್ಲಿ ಇಲ್ಲ. ಹೀಗೆ 1945ರವರೆಗೆ, 12 ಋತುಗಳು, ಒಬ್ಬನೇ ಒಬ್ಬ ಕಪ್ಪು ಆಟಗಾರನಿಲ್ಲ. ಯಾವ ಸಭೆಯ ನಡಾವಳಿಯಲ್ಲೂ ಇದರ ಠರಾವು ಸಿಗುವುದಿಲ್ಲ. ಅಂಥ ಒಪ್ಪಂದವೇ ಇರಲಿಲ್ಲ ಎಂದು ಮಾಲೀಕರು ಮುಂದೆ ಹೇಳಿದರು. ಆರ್ಥಿಕ ಕುಸಿತದ ಕಾಲ ಅದು, ಬಿಳಿಯರಿಗೇ ಕೆಲಸವಿರಲಿಲ್ಲ ಎಂದವರಿದ್ದರು. ಅರ್ಹರು ಸಿಗಲಿಲ್ಲ ಎಂದವರೂ ಇದ್ದರು. ಆದರೆ ಕಾಲೇಜು ಮೈದಾನಗಳಲ್ಲಿ ಅರ್ಹರು ಎಲ್ಲರ ಕಣ್ಣೆದುರಿಗೇ ಆಡುತ್ತಿದ್ದರು.

ಈ ಕಟ್ಟಳೆಯ ಹಿಂದೆ ಮುಖ್ಯವಾಗಿ ಕೇಳಿಬರುವ ಹೆಸರು ಜಾರ್ಜ್ ಪ್ರೆಸ್ಟನ್ ಮಾರ್ಷಲ್. 1932ರಲ್ಲಿ ಲೀಗಿಗೆ ಬಂದ ಮಾಲೀಕ. ತನ್ನ ತಂಡವನ್ನು ಮುಂದೆ ವಾಷಿಂಗ್ಟನ್ನಿಗೆ ತಂದು, ಇಡೀ ದಕ್ಷಿಣದ ತಂಡವೆಂದು ಬೆಳೆಸಿದ. ಬೇರೆ ತಂಡಗಳು ಬದಲಾದ ಮೇಲೂ ಅವನು ಬದಲಾಗಲಿಲ್ಲ. ಈ ಹೆಸರನ್ನು ಸ್ವಲ್ಪ ನೆನಪಿನಲ್ಲಿಡಿ. ಮತ್ತೆ ಬರುತ್ತೇನೆ.

ಲೀಗಿನಿಂದ ಹೊರಗಿದ್ದ ಪೊಲಾರ್ಡ್ ಸುಮ್ಮನೆ ಕುಳಿತರೇ? ಇಲ್ಲ. ಶಿಕಾಗೊದಲ್ಲಿ ಕಪ್ಪು ಆಟಗಾರರದೇ ತಂಡ ಕಟ್ಟಿದರು. ಆಮೇಲೆ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬ್ರೌನ್ ಬಾಂಬರ್ಸ್ ಎಂಬ ತಂಡಕ್ಕೆ 1935ರಿಂದ ಮೂರು ಋತು ತರಬೇತಿ ಕೊಟ್ಟರು. ಬಾಕ್ಸಿಂಗ್ ಕಣದಲ್ಲಿ ಆಗ ಮಿಂಚುತ್ತಿದ್ದ ಜೋ ಲೂಯಿಸ್ ಅವರ ಬಿರುದನ್ನೇ ತಂಡಕ್ಕೆ ಇಟ್ಟಿದ್ದರು. ಬಿಳಿಯರ ಅರೆವೃತ್ತಿಪರ ತಂಡಗಳ ವಿರುದ್ಧ ಆಡಿ ಗೆದ್ದು ತೋರಿಸಿದರು. ಕಪ್ಪು ಬಿಳಿ ಆಟಗಾರರು ಒಂದೇ ಮೈದಾನದಲ್ಲಿ ಆಡಬಲ್ಲರು, ಯಾವ ಅನಾಹುತವೂ ಆಗುವುದಿಲ್ಲ ಎಂದು ತೋರಿಸುವುದೇ ಅವರ ಗುರಿ. ಲೀಗ್ ಕಣ್ಣು ತೆರೆಯಲಿಲ್ಲ.

ಹೊಟ್ಟೆಪಾಡಿಗೆ ಅವರು ಮಾಡದ ಉದ್ಯೋಗವಿಲ್ಲ. ಹೂಡಿಕೆಯ ಕಂಪನಿ ನಡೆಸಿದರು, ಆರ್ಥಿಕ ಕುಸಿತದಲ್ಲಿ ಅದು ಮುಳುಗಿತು. ಕಲ್ಲಿದ್ದಲು ಮಾರಿದರು. ಹಾರ್ಲೆಮ್‌ನಲ್ಲಿ ಪತ್ರಿಕೆ ಹೊರಡಿಸಿದರು. ಕಪ್ಪು ಕಲಾವಿದರಿಗೆ ಅವಕಾಶ ಕೊಡಿಸುವ ಕೆಲಸ ಮಾಡಿದರು. 1956ರಲ್ಲಿ ಸಂಗೀತದ ಚಲನಚಿತ್ರವೊಂದನ್ನು ನಿರ್ಮಿಸಿದರು. ಒಂದು ಕಡೆ ಬಿದ್ದರೆ ಇನ್ನೊಂದು ಕಡೆ ಎದ್ದರು. ಅವರ ಮಗ ಫ್ರಿಟ್ಜ್ ಪೊಲಾರ್ಡ್ ಜೂನಿಯರ್ 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ 110 ಮೀಟರ್ ಹರ್ಡಲ್ಸ್ ಓಟದಲ್ಲಿ ಕಂಚು ಗೆದ್ದರು. ಹಿಟ್ಲರನ ಜರ್ಮನಿಯಲ್ಲಿ ಜೆಸ್ಸಿ ಓವನ್ಸ್ ನಾಲ್ಕು ಚಿನ್ನ ಗೆದ್ದ ಅದೇ ಕೂಟ.

ಹಾಗಾದರೆ 12 ವರ್ಷದ ಆ ಕಟ್ಟಳೆ ಮುರಿದದ್ದು ಹೇಗೆ? ಇದು ತುಂಬ ಮುಖ್ಯವಾದ ಸಂಗತಿ. ಮಾಲೀಕರ ಮನಸ್ಸು ಕರಗಿ ಮುರಿಯಲಿಲ್ಲ. 1946ರಲ್ಲಿ ಕ್ಲೀವ್‌ಲ್ಯಾಂಡ್ ರ‍್ಯಾಮ್ಸ್ ತಂಡ ಲಾಸ್ ಏಂಜಲಿಸ್‌ಗೆ ಬರಲು ಹೊರಟಿತು. ಅಲ್ಲಿಯ ದೊಡ್ಡ ಕ್ರೀಡಾಂಗಣ ಕೊಲಿಸಿಯಂ ಬೇಕಿತ್ತು. ಅದು ಸಾರ್ವಜನಿಕರ ತೆರಿಗೆ ಹಣದ ಕ್ರೀಡಾಂಗಣ. ಕಪ್ಪು ಪತ್ರಕರ್ತರು ಅದರ ಆಡಳಿತ ಮಂಡಳಿಯ ಸಭೆಗೆ ಹೋದರು. ನೇರವಾಗಿ ಕೇಳಿದರು. ನಮ್ಮ ತೆರಿಗೆಯಿಂದ ಕಟ್ಟಿದ ಮೈದಾನದಲ್ಲಿ ನಮ್ಮವರಿಗೆ ಜಾಗವಿಲ್ಲವೇ? ಬಾಯಿಮಾತಿನ ಕಟ್ಟಳೆಯನ್ನು ತುಂಬಿದ ಸಭೆಯಲ್ಲಿ, ಅಧಿಕಾರಿಗಳ ಎದುರು ಬಾಯಿಬಿಟ್ಟು ಕೇಳಿದ್ದೇ ತಡ, ಅದಕ್ಕೆ ಉತ್ತರವಿರಲಿಲ್ಲ. ಆ ವಸಂತದಲ್ಲಿ ರ‍್ಯಾಮ್ಸ್ ತಂಡ ಕಪ್ಪು ಆಟಗಾರ ಕೆನ್ನಿ ವಾಷಿಂಗ್ಟನ್ ಅವರನ್ನು ಸೇರಿಸಿಕೊಂಡಿತು. ಹಿಂದೆಯೇ ವುಡಿ ಸ್ಟ್ರೋಡ್ ಬಂದರು. ಬೇಸ್‌ಬಾಲಿನಲ್ಲಿ ಇಂಥದೇ ಗೆರೆ ದಾಟಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಪರವಾಗಿ ಮೈದಾನಕ್ಕಿಳಿದದ್ದು ಇದರ ಮರುವರ್ಷ.

ವಾಷಿಂಗ್ಟನ್ ತಂಡದ ಮಾರ್ಷಲ್ ಮಾತ್ರ ಇನ್ನೂ 16 ವರ್ಷ ಹಟ ಹಿಡಿದ. ಅವನೂ ಮಣಿದದ್ದು 1962ರಲ್ಲಿ. ಅವನ ಹೊಸ ಕ್ರೀಡಾಂಗಣ ಕೇಂದ್ರ ಸರ್ಕಾರದ ನೆಲದಲ್ಲಿತ್ತು. ಕೆನಡಿ ಸರ್ಕಾರದ ಸಚಿವ ಸ್ಟುವರ್ಟ್ ಯುಡಾಲ್, ಕಪ್ಪು ಆಟಗಾರರನ್ನು ಸೇರಿಸಿಕೊಳ್ಳದಿದ್ದರೆ ಕ್ರೀಡಾಂಗಣ ಸಿಗುವುದಿಲ್ಲ ಎಂದು ಎಚ್ಚರಿಸಿದರು. ಆಗ ಬಾಬಿ ಮಿಚೆಲ್ ಮುಂತಾದವರಿಗೆ ಜಾಗ ಸಿಕ್ಕಿತು.

ಆಟಗಾರರು ಮರಳಿ ಬಂದರು. ಆದರೆ ತರಬೇತುದಾರರು? ಆ ಕಟ್ಟಳೆ ಇನ್ನೂ ಗಟ್ಟಿಯಾಗಿತ್ತು. ಮೈದಾನದಲ್ಲಿ ಕಪ್ಪು ಆಟಗಾರರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಆಜ್ಞೆ ಕೊಡುವ ಜಾಗದಲ್ಲಿ ಬಿಳಿಯರೇ ಉಳಿದರು. ಪೊಲಾರ್ಡ್ ಇದನ್ನೆಲ್ಲ ನೋಡುತ್ತ ಮುದುಕರಾದರು. 1954ರಲ್ಲಿ ಕಾಲೇಜು ಫುಟ್‌ಬಾಲಿನ ಕೀರ್ತಿಭವನಕ್ಕೆ ಅವರ ಹೆಸರು ಸೇರಿತು. 1981ರಲ್ಲಿ ಬ್ರೌನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ವೃತ್ತಿಪರ ಲೀಗ್ ಮಾತ್ರ ಅವರನ್ನು ನೆನೆಯಲಿಲ್ಲ. 1986ರ ಮೇ 11ರಂದು, 92ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮೂರು ವರ್ಷಗಳ ನಂತರ, 1989ರ ಅಕ್ಟೋಬರಿನಲ್ಲಿ, ರೇಡರ್ಸ್ ತಂಡಕ್ಕೆ ಆರ್ಟ್ ಶೆಲ್ ಮುಖ್ಯ ತರಬೇತುದಾರರಾದರು. ಪೊಲಾರ್ಡ್ ಬಳಿಕ, ಲೀಗಿನ ಎರಡನೆಯ ಕಪ್ಪು ಮುಖ್ಯ ತರಬೇತುದಾರ ಅವರೇ.

ಬರೆಯದ ಕಟ್ಟಳೆಗೆ ಕೊನೆಗೂ ಒಂದು ಬರೆದ ನಿಯಮವೇ ಮದ್ದಾಯಿತು. 2002ರಲ್ಲಿ ಜಾನಿ ಕಾಕ್ರನ್ ಮತ್ತು ಸೈರಸ್ ಮೆಹ್ರಿ ಎಂಬ ಇಬ್ಬರು ವಕೀಲರು ಲೀಗಿನ ನೇಮಕಾತಿಯ ಅಂಕಿಅಂಶ ಮುಂದಿಟ್ಟು ಪ್ರಶ್ನಿಸಿದರು. ಅದರ ಫಲವಾಗಿ 2003ರಿಂದ ರೂನಿ ನಿಯಮ ಜಾರಿಗೆ ಬಂತು. ಮುಖ್ಯ ತರಬೇತುದಾರರ ಹುದ್ದೆ ಖಾಲಿಯಾದರೆ ಅಲ್ಪಸಂಖ್ಯಾತ ಜನಾಂಗದ ಒಬ್ಬರನ್ನಾದರೂ ಸಂದರ್ಶಿಸಲೇಬೇಕಿತ್ತು. ಆರಂಭದಲ್ಲಿ ಆ ನಿಯಮ ಹೀಗಿತ್ತು. ಪಿಟ್ಸ್‌ಬರ್ಗ್ ತಂಡದ ಡ್ಯಾನ್ ರೂನಿ ಅವರ ಹೆಸರು ಅದಕ್ಕೆ. 1933ರಲ್ಲಿ ರೇ ಕೆಂಪ್ ಆಡಿದ್ದು ಇದೇ ಕುಟುಂಬದ ತಂಡದಲ್ಲಿ ಎಂಬುದನ್ನು ಗಮನಿಸಿ. ನಿಯಮ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿಕೊಳ್ಳಲು ಅದೇ ವರ್ಷ ಒಂದು ಸಂಘಟನೆ ಹುಟ್ಟಿತು. ಅದರ ಹೆಸರು ಫ್ರಿಟ್ಜ್ ಪೊಲಾರ್ಡ್ ಅಲೈಯನ್ಸ್.

ಕೊನೆಯದಾಗಿ ಎರಡು ವರ್ಷಗಳನ್ನು ಹೇಳಿ ಮುಗಿಸುತ್ತೇನೆ. ವೃತ್ತಿಪರ ಫುಟ್‌ಬಾಲಿನ ಕೀರ್ತಿಭವನ ಇರುವುದು ಕ್ಯಾಂಟನ್ ನಗರದಲ್ಲಿ. ಅದು ತೆರೆದದ್ದು 1963ರಲ್ಲಿ. ಆಗ 17 ಮಂದಿಯ ಮೊದಲ ಪಟ್ಟಿ ಹೊರಬಂತು. ಜಿಮ್ ಥೋರ್ಪ್ ಅದರಲ್ಲಿದ್ದರು. ಕಪ್ಪು ಆಟಗಾರರನ್ನು ಕೊನೆಯವರೆಗೂ ಹೊರಗಿಟ್ಟ ಜಾರ್ಜ್ ಪ್ರೆಸ್ಟನ್ ಮಾರ್ಷಲ್ ಕೂಡ ಇದ್ದ. ಲೀಗಿನ ಮೊದಲ ಚಾಂಪಿಯನ್ ತಂಡದ ಓಟಗಾರ, ಮೊದಲ ಕಪ್ಪು ತರಬೇತುದಾರ ಫ್ರಿಟ್ಜ್ ಪೊಲಾರ್ಡ್ ಇರಲಿಲ್ಲ. ಆಗ ಅವರಿಗೆ 69 ವರ್ಷ, ಇನ್ನೂ ಬದುಕಿದ್ದರು. ಅವರ ಹೆಸರು ಆ ಭವನ ಸೇರಿದ್ದು 2005ರಲ್ಲಿ, ಅವರು ತೀರಿಕೊಂಡು 19 ವರ್ಷಗಳಾದ ಮೇಲೆ. ಅದು ಅನ್ಯಾಯ. ತಡವಾಗಿಯಾದರೂ ಸರಿಹೋಯಿತು ಎಂದು ಅದನ್ನು ಮರೆಯಲಾಗದು. 1963 ಮತ್ತು 2005, ಈ ಎರಡು ವರ್ಷಗಳನ್ನು ಕೇಳುಗರು ಒಟ್ಟಿಗೇ ನೆನಪಿಟ್ಟುಕೊಳ್ಳಬೇಕೆಂದು ನನ್ನ ವಿನಂತಿ.